ನೆನ್ನೆಗಿಂತ ವಾಸಿ

ನಾನು ನಿಂತಿದ್ದದ್ದು ಬಸ್ಸಿನ ಒಳಗೆ, ಡ್ರೈವರ್ ಸೀಟಿನ ಎಡಕ್ಕೆ, ಎಂಜಿನ್ ಮುಚ್ಚಳಕ್ಕೆ ಮೊಣಕಾಲು ತಾಗುವಷ್ಟು ಹತ್ತಿರದಲ್ಲಿ. ಕಾರ್ತಿಕ ಮಾಸದ ಒಂದು ಸೋಮವಾರ, ಸಂಜೆ ಐದೂವರೆಯ ಸುಮಾರು. ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಬರುವ ಖಾಸಗಿ ಬಸ್ಸು ತೆರಕಣಾಂಬಿಯ ಮನೆಗಳನ್ನು ದಾಟಿ ಹೊಲಗಳ ನಡುವಿನ ರಸ್ತೆಗೆ ಬಂದಿತ್ತು. ಬೆಳಕಿತ್ತು, ಹೆಡ್‌ಲೈಟ್ ಹಾಕುವ ಹೊತ್ತಾಗಿರಲಿಲ್ಲ. ನನ್ನ ಎಡಭುಜ ಹಿಡಿದುಕೊಂಡು ಕೈ ಮೇಲೇಳದೆ ಇದ್ದ ಕಾಲ ಅದು, ಬಲಗೈಯಲ್ಲಿ ಕಂಬಿ ಹಿಡಿದಿದ್ದೆ. ಅಲ್ಲಿಂದ ಡ್ರೈವರ್ ಸಿದ್ದರಾಜಣ್ಣನ ಮುಖ, ಕೈಗಳು, ಬಲಗಾಲು ಮೂರೂ ನನಗೆ ಕಾಣುತ್ತಿದ್ದವು. ಅವರ ಕಣ್ಣುಗಳು ತೆರೆದಿದ್ದವು.

ಇಷ್ಟನ್ನು ಮೊದಲೇ ಹೇಳಿಬಿಡುವುದಕ್ಕೆ ಕಾರಣವಿದೆ. ಗುಂಡ್ಲುಪೇಟೆ ಬಸ್ ನಿಲ್ದಾಣದ ಟೀ ಅಂಗಡಿಗಳಲ್ಲಿ ಆ ಸಂಜೆಯ ಮಾತು ಬಂದರೆ "ನಿದ್ದೆ ಹೊಡ್ದುಬುಟ್ಟ" ಎನ್ನುವವರು ಈಗಲೂ ಇದ್ದಾರೆ. "ಹಾಕ್ಕೊಂಡಿದ್ದ ಕಣ್ಲಾ" ಎನ್ನುವವರೂ ಇದ್ದಾರೆ. ಸಿದ್ದರಾಜಣ್ಣ ನಿದ್ದೆ ಮಾಡಿರಲಿಲ್ಲ, ಕುಡಿದಿರಲಿಲ್ಲ. ಏನಾಗಿತ್ತು ಎಂಬುದನ್ನು ಹೇಳಬೇಕಾದರೆ ಆ ಮನುಷ್ಯ ಎಂಥವರು ಎಂಬುದನ್ನೂ ಹೇಳಬೇಕು.

ಅವರು ಬರಿಗಾಲಲ್ಲಿ ಬಸ್ಸು ಓಡಿಸುತ್ತಿದ್ದರು. ಸೀಟಿಗೆ ಏರಿದ ಮೇಲೆ ಚಪ್ಪಲಿಯನ್ನು ಕೆಳಗೆ ತಳ್ಳಿ, ಬಲ ಅಂಗಾಲನ್ನು ಎಡ ಮೀನಖಂಡಕ್ಕೆ ಒಮ್ಮೆ ಒರೆಸಿಕೊಂಡು, ಆಮೇಲೆ ಪೆಡಲ್ ಮೇಲೆ ಇಡುತ್ತಿದ್ದರು. ಬೇಸಿಗೆಯಲ್ಲಿ ಎಂಜಿನ್ ಬಿಸಿಗೆ ಕಾಲಡಿಯ ತಗಡು ಕಾಯುತ್ತಿತ್ತು. ಕಂಡಕ್ಟರ್ ಮುನೀರ್, ಗುಂಡ್ಲುಪೇಟೆಯವನೇ, ಆಗಾಗ ಹೇಳಿ ನೋಡುತ್ತಿದ್ದ:

"ಅಣ್ಣಾ, ಒಂದು ಶೂ ಹಾಕ್ಕೊಳ್ಳಿ. ಚೆಕಿಂಗ್‌ನವ್ರು ನೋಡಿದ್ರೆ ಬಯ್ತಾರೆ."

"ಕೈಗೆ ಚೀಲ ಸುತ್ಕೊಂಡು ಬಿರಿಯಾನಿ ತಿಂತಿಯೇನ್ಲಾ ನೀನು? ಇದೂ ಹಂಗೇ ಕಣ. ಕಾಲ್ಗೆ ಗೊತ್ತಾಗ್ಬೇಕು."

ಅವರ ಊರು ಭೀಮನಬೀಡು. ಎತ್ತರದ ಆಳು, ಹೆಗಲಲ್ಲಿ ಸದಾ ಒಂದು ಕೆಂಪಂಚಿನ ಟವೆಲ್. ಪ್ರಯಾಣಿಕರ ಹೆಸರು ಅವರಿಗೆ ಬೇಕಿರಲಿಲ್ಲ, ಇಳಿಯುವ ಜಾಗದಿಂದಲೇ ಕರೆಯುತ್ತಿದ್ದರು. ಚಾಮರಾಜನಗರದ ನ್ಯಾಯಾಲಯದಲ್ಲಿ ಬೆರಳಚ್ಚು ಮಾಡುವ ನಾನು ದಿನವೂ ಗುಂಡ್ಲುಪೇಟೆಯಿಂದ ಹೋಗಿ ಬರುತ್ತಿದ್ದೆ. ನನಗೆ ಮಾತ್ರ 'ಕೋರ್ಟ್ ಸಾಮಿ' ಎಂದು ಬೇರೆ ಹೆಸರು ಇಟ್ಟಿದ್ದರು. "ಕೋರ್ಟ್ ಸಾಮಿ ಬರ್ನಿಲ್ವಲ್ಲಾ ಇನ್ನೂ, ಯಾರ್ಗೋ ಶಿಕ್ಷೆ ಆಯ್ತಾ ಅದೆ" ಎಂದು ಬಸ್ಸು ನಿಲ್ಲಿಸಿಕೊಂಡು ಕಾದ ಸಂಜೆಗಳುಂಟು.

ಅದಕ್ಕೂ ಮೊದಲು ಕೆಲವು ವರ್ಷ ಅವರು ಪುಣಜನೂರಿನ ಮೇಲೆ ಸತ್ಯಮಂಗಲದ ಕಡೆಗೆ ಹೋಗುವ ಬಸ್ಸಿನಲ್ಲಿದ್ದರು. ಕಚೇರಿ ಕೆಲಸದ ಮೇಲೆ ಒಮ್ಮೆ ನಾನೂ ಅದರಲ್ಲಿ ಹೊರಟಿದ್ದೆ. ಪುಣಜನೂರು ದಾಟಿದ ಮೇಲೆ ಇಳಿಜಾರಿನ ತಿರುವಿನಲ್ಲಿ ಒಂಟಿ ಆನೆ ರಸ್ತೆಗೆ ಅಡ್ಡ ನಿಂತಿತ್ತು. ಸಿದ್ದರಾಜಣ್ಣ ಎಂಜಿನ್ ಆರಿಸಿ, ಬ್ರೇಕ್ ಮೇಲೆ ಕಾಲಿಟ್ಟು ಕುಳಿತುಬಿಟ್ಟರು. ಹಿಂದಿನ ಸೀಟಿನ ಒಬ್ಬರಿಗೆ ತಾಳ್ಮೆ ಕೆಟ್ಟಿತು.

"ಏನ್ ಡ್ರೈವರ್ರೇ, ಹಾರನ್ ಹೊಡೀರಿ. ಎಷ್ಟೊತ್ತು ಕೂತ್ಕೊಳ್ಳೋದು?"

ಸಿದ್ದರಾಜಣ್ಣ ತಿರುಗಲಿಲ್ಲ. ಪಿಸುದನಿಯಲ್ಲೇ, "ನೀವೇ ಇಳ್ದೋಗಿ ಒಂದ್ಮಾತು ಹೇಳ್ಬುಟ್ಟು ಬನ್ನಿ. ಟಿಕೆಟ್ ತಗೊಂಡಿವ್ನಿ ಅನ್ನಿ, ದಾರಿ ಬುಡ್ತದೆ" ಎಂದರು.

ಬಸ್ಸಿನವರೆಲ್ಲ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಆನೆಗೆ ಮಾತ್ರ ಅವಸರವಿರಲಿಲ್ಲ. ಹ್ಯಾಂಡ್‌ಬ್ರೇಕ್ ಹಾಕಿದರೆ ಗಾಳಿ ಬಿಡುವ ಸದ್ದಿಗೆ ಅದು ಬೆದರೀತೆಂದು ಅವರು ಹಾಕಲೇ ಇಲ್ಲ. ಅದು ಬಿದಿರಿನೊಳಗೆ ಸರಿದು ಹೋಗುವವರೆಗೂ ಆ ಬರಿಗಾಲು ಪೆಡಲ್ ಮೇಲೆ ಹಾಗೇ ಇತ್ತು. ಬಸ್ಸು ಒಂದು ಬೆರಳಿನಷ್ಟೂ ಕೆಳಗೆ ಜಾರಲಿಲ್ಲ.

ಆ ಕಾಲಿಗೇ ಪೆಟ್ಟಾಯಿತು. ರಸ್ತೆ ಬದಿಯಲ್ಲಿ ಪಂಕ್ಚರಾದ ಚಕ್ರ ಬದಲಿಸುವಾಗ ಹಸಿ ಮಣ್ಣಿನಲ್ಲಿ ಜಾಕ್ ಜಾರಿತು. ಬಲ ಹಿಮ್ಮಡಿಯ ಮೂಳೆ ಒಡೆದುಹೋಯಿತು. ಮೈಸೂರಿನಲ್ಲಿ ಆಪರೇಷನ್ ಮಾಡಿ ಪ್ಲೇಟು, ಸ್ಕ್ರೂ ಹಾಕಿದರು. ಗಾಯ ಮಾಯಿತು, ಎಕ್ಸ್‌ರೇ ಚೆನ್ನಾಗಿ ಬಂತು, ನೋವು ಹೋಗಲಿಲ್ಲ. ರಾತ್ರಿ ಹೊದಿಕೆ ತಗುಲಿದರೂ ಕಿತ್ತುಕೊಳ್ಳುವ ಹಾಗೆ ಉರಿಯುತ್ತಿತ್ತಂತೆ. ಇನ್ನೊಮ್ಮೆ ಕುಯ್ಯುವುದು ಬೇಡ, ಸೂಜಿಯೂ ಬೇಡ, ಕರೆಂಟ್ ಇಡಿಸಿಕೊಂಡು ವ್ಯಾಯಾಮ ಮಾಡಿದರೆ ನರ ತಾನಾಗಿ ಸಮಾಧಾನಕ್ಕೆ ಬರುತ್ತದೆ ಎಂದು ಆಪರೇಷನ್ ಮಾಡಿದ ವೈದ್ಯರು ಹೇಳಿ ಕಳಿಸಿದರು. ಬಸ್ಸಿನ ಮಾಲೀಕ ಶಿವಮಲ್ಲಪ್ಪನವರು ಮನೆಗೇ ಬಂದು ನೋಡಿ, "ಸಿದ್ದರಾಜು, ಬದ್ಲಿಗೆ ಒಬ್ಬನ ಹಾಕಿವ್ನಿ, ಅಷ್ಟೇ. ವಾಸಿಯಾದ ದಿನ ಬಂದು ಕೂತ್ಕೊ. ಸೀಟು ನಿಂದೇ" ಎಂದಿದ್ದರು. ಆ ಮಾತನ್ನು ಸಿದ್ದರಾಜಣ್ಣ ಸಿಕ್ಕವರಿಗೆಲ್ಲ ಹೇಳುತ್ತಿದ್ದರು. ಅವರಿಗೆ ಬೇಕಿದ್ದದ್ದು ಅದೊಂದೇ, ಆ ಸೀಟು.

ಕರೆಂಟ್ ಇಡುವ ಜಾಗ, ಅಂದರೆ ಫಿಸಿಯೋಥೆರಪಿ ಕೇಂದ್ರ, ಚಾಮರಾಜನಗರದ ಒಂದು ಓಣಿಯಲ್ಲಿ, ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ನನ್ನ ಭುಜಕ್ಕೂ ಅಲ್ಲೇ ಚಿಕಿತ್ಸೆ. ಹೀಗೆ ಒಂದೇ ಕೋಣೆಯಲ್ಲಿ, ನಡುವೆ ಹಸಿರು ಪರದೆ ಸರಿಸಿಟ್ಟ ಅಕ್ಕಪಕ್ಕದ ಮಂಚಗಳಲ್ಲಿ, ನಾವಿಬ್ಬರೂ ಬಹಳ ಮಧ್ಯಾಹ್ನಗಳನ್ನು ಕಳೆದೆವು. ಮೊದಲ ದಿನ ಅವರು ಮೆಟ್ಟಿಲ ಕೊನೆಯಲ್ಲಿ ಗೋಡೆ ಹಿಡಿದು ನಿಂತು, "ಈ ಮೆಟ್ಲ ಹತ್ತಾಕಾಗೋನು ಇಲ್ಲಿಗ್ಯಾಕ್ ಸಾಮಿ ಬತ್ತಾನೆ?" ಎಂದು ಕೇಳಿದ್ದು ನನ್ನ ಕಿವಿಯಲ್ಲಿದೆ.

ಅಲ್ಲಿ ಚಿಕಿತ್ಸೆ ಕೊಡುತ್ತಿದ್ದ ಹುಡುಗಿಯ ಹೆಸರು ಜಿನ್ಸಿ. ಸುಲ್ತಾನ್ ಬತ್ತೇರಿಯ ಕಡೆಯವಳು, ಮನೆಮಾತು ಮಲಯಾಳ. ಚಾಮರಾಜನಗರಕ್ಕೆ ಬಂದ ಮೇಲೆ ಕನ್ನಡ ಕಲಿತದ್ದು, ಅದೂ ಬೋರ್ಡುಗಳನ್ನು ಓದಿ, ಔಷಧಿ ಚೀಟಿಗಳನ್ನು ಓದಿ. ಮಾತನ್ನು ಒಂದೊಂದಾಗಿ ಜೋಡಿಸಿ ಆಡುತ್ತಿದ್ದಳು. ಸಿದ್ದರಾಜಣ್ಣ ಅವಳನ್ನು 'ಮಗಾ' ಎಂದೇ ಕರೆಯುತ್ತಿದ್ದರು.

ಅವಳು ಒದ್ದೆ ಮಾಡಿದ ಪಟ್ಟಿಗಳನ್ನು ಅವರ ಪಾದದ ಎರಡು ಬದಿಗೂ ಅಂಟಿಸಿ, ಮಿಷನ್ನಿನ ಗುಂಡಿಯನ್ನು ಮೆಲ್ಲನೆ ತಿರುಗಿಸುತ್ತಿದ್ದಳು. ಒಳಗೆ ಇರುವೆ ಹರಿದ ಹಾಗೆ ಆಗುತ್ತದೆ. ನೋವು ಆ ಇರುವೆಗಳಡಿ ಸ್ವಲ್ಪ ಹೊತ್ತು ಮುಚ್ಚಿಹೋಗುತ್ತದೆ. ಸಿದ್ದರಾಜಣ್ಣ ತಲೆಯೆತ್ತಿ ವೈರುಗಳನ್ನು ನೋಡಿ, "ಕುಯ್ದದ್ದೂ ಆಯ್ತು, ಬೋಲ್ಟ್ ಬಿಗ್ದದ್ದೂ ಆಯ್ತು. ಈಗ ಬ್ಯಾಟ್ರಿ ಚಾರ್ಜ್ ಮಾಡ್ತಾ ಇವ್ಳೆ" ಎನ್ನುತ್ತಿದ್ದರು. ಆಮೇಲೆ ವ್ಯಾಯಾಮ. ಅಂಗಾಲಡಿ ನೀರಿನ ಬಾಟಲಿ ಉರುಳಿಸುವುದು, ನೆಲದ ಟವೆಲನ್ನು ಕಾಲ್ಬೆರಳಲ್ಲಿ ಹಿಡಿದು ಎತ್ತುವುದು. "ಇದ್ನ ನಮ್ಮನೇಲಿ ನೋಡ್ಬುಟ್ರೆ ದಿನಾ ಬಟ್ಟೆ ಮಡ್ಚೋ ಕೆಲ್ಸ ನಂಗೇ" ಎಂದು ನಗಿಸುತ್ತಿದ್ದರು.

ಕೊನೆಯಲ್ಲಿ ಒಂದು ಪರೀಕ್ಷೆಯಿತ್ತು. ಕಣ್ಣು ಮುಚ್ಚಿಕೊಳ್ಳಬೇಕು, ಅವಳು ಅಂಗಾಲಿನ ಮೇಲೆ ಒಮ್ಮೆ ಹತ್ತಿ, ಒಮ್ಮೆ ಬ್ರಷ್ ಆಡಿಸುತ್ತಾಳೆ, ಯಾವುದೆಂದು ಹೇಳಬೇಕು. ಅವರ ರೆಪ್ಪೆ ಅಲ್ಲಾಡುವುದನ್ನು ನಾನು ಪಕ್ಕದ ಮಂಚದಿಂದ ನೋಡುತ್ತಿದ್ದೆ. ಜಿನ್ಸಿಯೂ ನೋಡುತ್ತಿದ್ದಳು.

"ಅಣ್ಣಾ, ಕಣ್ಣು ಪೂರ್ತಿ ಮುಚ್ಚಬೇಕು. ಕಳ್ಳತನ ಮಾಡಬಾರದು."

"ಡ್ರೈವರ್ ಕಣ್ಣು ಕಣ್ ಮಗಾ. ಮುಚ್ಚು ಅಂದ್ರೆ ಎಲ್ಲಿ ಮುಚ್ಚುತದೆ?"

ಅವಳು ನಕ್ಕು ಅವರದೇ ಕೆಂಪಂಚಿನ ಟವೆಲನ್ನು ಕಣ್ಣಿಗೆ ಕಟ್ಟಿದಳು. ಆಗಲೂ ಅವರು ಸರಿಯಾಗಿಯೇ ಹೇಳಿದರು: ಬ್ರಷ್, ಹತ್ತಿ, ಹತ್ತಿ, ಬ್ರಷ್. ಬ್ರಷ್ಷನ್ನು ಸ್ಟೀಲ್ ತಟ್ಟೆಯಿಂದ ಎತ್ತುವಾಗ ಸಣ್ಣ ಸದ್ದಾಗುತ್ತಿತ್ತು, ಹತ್ತಿಗೆ ಸದ್ದಿರಲಿಲ್ಲ. ಇದು ನನಗೆ ಹೊಳೆದದ್ದು ಬಹಳ ಆಮೇಲೆ.

ನೋವು ಎಷ್ಟಿದೆಯೆಂದು ಸೊನ್ನೆಯಿಂದ ಹತ್ತರೊಳಗೆ ಹೇಳಿ ಎಂದು ಅವಳು ದಿನವೂ ಕೇಳುತ್ತಿದ್ದಳು. "ನೋವೇನ್ ಟಿಕೆಟ್ಟಾ ಮಗಾ, ನಂಬರ್ ಹಾಕಕ್ಕೆ? ನೆನ್ನೆಗಿಂತ ವಾಸಿ, ಬರ್ಕೊ" ಎನ್ನುವುದು ಅವರ ಉತ್ತರ. ಆ ಮಾತು ಅವರಿಗೆ ಎಲ್ಲದಕ್ಕೂ ಆಗುತ್ತಿತ್ತು. ಟೀ ಹೇಗಿದೆ ಎಂದರೆ ವಾಸಿ, ಹೊಸ ಟೈರು ಹೇಗಿದೆ ಎಂದರೆ ವಾಸಿ. ಇನ್ನೂ ಕೆಟ್ಟದ್ದಿರಬಹುದಿತ್ತು, ಇದು ಪರವಾಗಿಲ್ಲ ಎಂದು ಅದರ ಅರ್ಥ.

ಒಂದು ಶುಕ್ರವಾರ ಅವರು 'ನೆನ್ನೆಗಿಂತ' ಎನ್ನುವುದನ್ನು ಬಿಟ್ಟರು. ಅವಳು "ಹೇಗಿದೆ ಅಣ್ಣಾ?" ಎಂದಳು. ಅವರು ಚಪ್ಪಲಿಗೆ ಕಾಲು ತೂರಿಸುತ್ತಾ "ವಾಸಿ" ಎಂದರು.

ಜಿನ್ಸಿ ಅವರ ಮುಖವನ್ನೇ ನೋಡಿದಳು. "ವಾಸಿ? ವಾಸಿ ಆಯಿತಾ?"

"ಊಂ ಕಣ್ ಮಗಾ, ವಾಸಿ."

ಅವಳು ಚಪ್ಪಾಳೆ ತಟ್ಟಿದಳು. ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದವರಿಗೆ ಕೇಳುವ ಹಾಗೆ "ಅಣ್ಣನಿಗೆ ವಾಸಿ ಆಯಿತು!" ಎಂದು ಕೂಗಿದಳು. ಊರಿಂದ ತಂದಿದ್ದ ಬಾಳೆಕಾಯಿ ಚಿಪ್ಸಿನ ಪೊಟ್ಟಣವನ್ನು ತೆಗೆದು ಅವರ ಕೈಗಿಟ್ಟಳು. ಸಿದ್ದರಾಜಣ್ಣ ಏನನ್ನೋ ಹೇಳಲು ಬಾಯಿ ತೆರೆದರು. ಆಮೇಲೆ ಚಿಪ್ಸನ್ನು ನೋಡಿ, ಅವಳನ್ನು ನೋಡಿ, ನಕ್ಕುಬಿಟ್ಟರು. ಮೆಟ್ಟಿಲಿಳಿಯುವಾಗ ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು ಇಟ್ಟೇ ಇಳಿದರು. ಕೆಳಗೆ ಔಷಧಿ ಅಂಗಡಿಯ ಮುಂದೆ ನಿಂತು ಮಾಲೀಕರಿಗೆ ಫೋನ್ ಮಾಡಿದರು. ನನಗೆ ಕೇಳಿದ್ದು ಈ ಕಡೆಯ ಮಾತು ಮಾತ್ರ: "ವಾಸಿ ಸಾಮಿ... ಊಂ, ಡಾಕ್ಟ್ರಮ್ಮನೂ ಹೇಳ್ತು... ಸೋಮವಾರವಾ? ಬತ್ತೀನಿ ಸಾಮಿ, ಬತ್ತೀನಿ." ಫೋನ್ ಇಟ್ಟ ಮೇಲೆ ಅವರ ಮುಖ ಹೇಗಿತ್ತೆಂದು ನಾನು ವರ್ಣಿಸಲಾರೆ. ಓಣಿಯ ತುದಿವರೆಗೂ ಕುಂಟದೆ ನಡೆದರು.

ಸೋಮವಾರ ಮುನೀರ್ ಸ್ಟಿಯರಿಂಗಿಗೆ ಸೇವಂತಿಗೆ ಹಾರ ಸುತ್ತಿದ್ದ. ಬೆಳಗಿನ, ಮಧ್ಯಾಹ್ನದ ಟ್ರಿಪ್ಪುಗಳು ಸುಸೂತ್ರವಾಗಿ ಆದವೆಂದು ಅವನೇ ನನಗೆ ಹೇಳಿದ. ಸಂಜೆಯ ಟ್ರಿಪ್ಪಿಗೆ ನಾನು ಹತ್ತಿದೆ. ಮೊದಲ ಸೀಟಿನಲ್ಲಿ ಹೂವಿನ ವ್ಯಾಪಾರದ ಜಬೀನಮ್ಮ ಖಾಲಿ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ನಾನು ಎಂಜಿನ್ ಪಕ್ಕ ನಿಂತೆ.

ತೆರಕಣಾಂಬಿ ದಾಟಿದ ಮೇಲೆ ಎಡಗಡೆಯ ಹೊಲದಿಂದ ಒಬ್ಬ ಹೆಂಗಸು ತಲೆಯ ಮೇಲೆ ಹಸಿಹುಲ್ಲಿನ ಹೊರೆ ಹೊತ್ತು ರಸ್ತೆಗೆ ಹತ್ತಿದಳು. ಹುಲ್ಲು ಕಣ್ಣಿನ ತನಕ ಇಳಿಬಿದ್ದು ಅವಳಿಗೆ ಈ ಕಡೆ ಕಾಣುತ್ತಿರಲಿಲ್ಲ. ಸಿದ್ದರಾಜಣ್ಣ ದೂರದಿಂದಲೇ ಅವಳನ್ನು ನೋಡಿದರು. "ಅವ್ವ ಬತ್ತಾವ್ಳೆ" ಎಂದು ಬಾಯಿಬಿಟ್ಟು ಹೇಳಿದರು, ಹಾರನ್ ಹೊಡೆದರು. ಅವರ ಬಲಮೊಣಕಾಲು ಬ್ರೇಕ್ ಒತ್ತುವಾಗ ಏಳುವ ಹಾಗೆಯೇ ಎದ್ದು ಕೆಳಗಿಳಿಯಿತು.

ಬಸ್ಸು ನಿಧಾನವಾಗಲಿಲ್ಲ. ಇನ್ನೂ ಜೋರಾಯಿತು.

ನಾನು ಕೆಳಗೆ ನೋಡಿದೆ. ಪಾದ ಆಕ್ಸಿಲರೇಟರ್ ಮೇಲೇ ಇತ್ತು. ಎತ್ತಿ ಇಟ್ಟದ್ದು ಮತ್ತೆ ಅದರ ಮೇಲೇ ಬಿದ್ದಿತ್ತು. ಸಿದ್ದರಾಜಣ್ಣನೂ ಕೆಳಗೆ ನೋಡಿದರು. ಅಷ್ಟು ವರ್ಷಗಳಲ್ಲಿ ಅವರು ತಮ್ಮ ಕಾಲನ್ನು ಬಗ್ಗಿ ನೋಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಎಡಗೈಯಿಂದ ಮೊಣಕಾಲಿನ ಬಳಿ ಪ್ಯಾಂಟನ್ನು ಹಿಡಿದು, ಕಾಲನ್ನು ಒಂದು ಸಾಮಾನಿನ ಹಾಗೆ ಎತ್ತಿ ಬ್ರೇಕ್ ಮೇಲಿಟ್ಟು, ತೊಡೆಯ ಮೇಲೆ ಕೈಯೂರಿ ಒತ್ತಿದರು. ನಿಂತಿದ್ದವರೆಲ್ಲ ಮುಂದಕ್ಕೆ ಮುಗ್ಗರಿಸಿದೆವು. ಗಾಜಿಗೆ ಹುಲ್ಲು ತಗುಲಿತು. ಬಸ್ಸು ನಿಂತಿತು.

ಹೊರೆ ರಸ್ತೆಯ ಮೇಲೆ ಬಿದ್ದಿತ್ತು. ಹೆಂಗಸು ಅದರ ಪಕ್ಕ ನಿಂತೇ ಇದ್ದಳು. ಒಂದು ಗೀರೂ ಆಗಿರಲಿಲ್ಲ. ಉಸಿರು ಬಂದ ಕೂಡಲೇ ಅವಳು ಶುರು ಮಾಡಿದಳು:

"ಲೋ, ನಿನ್ ಕಣ್ಣಿಗ್ ಮಣ್ಣಾಕ! ರೋಡು ನಿಮ್ಮಪ್ಪಂದೇನ್ಲಾ? ನಾನ್ ಸತ್ತಿದ್ರೆ ನನ್ ಹಸುಗೆ ನೀ ಹುಲ್ ತರ್ತಿದ್ಯೇನ್ಲಾ?"

ಸಿದ್ದರಾಜಣ್ಣ ಇಳಿದು ಹೋದರು. ಬರಿಗಾಲಲ್ಲೇ. ರಸ್ತೆಯ ಮೇಲೆ ಮಂಡಿಯೂರಿ ಚೆಲ್ಲಿದ ಹುಲ್ಲನ್ನು ಬಾಚಿ ಒಟ್ಟುಮಾಡುತ್ತಾ, "ಬಯ್ಯವ್ವ, ಇನ್ನೂ ಬಯ್ಯಿ" ಎಂದರು. ಬಾಗಿದ ಅವರ ಹಿಮ್ಮಡಿಯ ಮೇಲಿನ ಹೊಲಿಗೆಯ ಗೆರೆ ಅವಳ ಕಣ್ಣಿಗೆ ಬಿತ್ತು. ಅವಳ ದನಿ ಇಳಿಯಿತು. "ಕಾಲ್ಗೇನಾಗಿತ್ಲಾ ಮಗ?" ಎಂದಳು. ಅವರು ಹೊರೆ ಕಟ್ಟಿ, ಮುನೀರ್ ಜೊತೆ ಸೇರಿ ಅವಳ ತಲೆಗೆ ಎತ್ತಿಟ್ಟರು. ಅವಳು ರಸ್ತೆ ದಾಟುವವರೆಗೂ ನೋಡುತ್ತಾ ನಿಂತು, ಆಮೇಲೆ ಬಸ್ಸಿನ ಕೀ ತೆಗೆದು ಮುನೀರ್ ಕೈಗೆ ಕೊಟ್ಟರು.

"ಏನಣ್ಣಾ ಇದು? ಏನೂ ಆಗಿಲ್ವಲ್ಲ, ಅಲ್ಲಾ ಕಾಪಾಡ್ದ. ಹತ್ತಿ, ಹೋಗನ."

"ತಗಳ್ಲಾ. ಮಾಲೀಕ್ರಿಗೆ ಫೋನ್ ಮಾಡು."

ಕಿಟಕಿಯಿಂದ ಯಾರೋ, "ಮೆಲ್ಲಗೆ ಓಡ್ಸಪ್ಪಾ, ಏನಾಯ್ತೀಗ? ಕತ್ಲಾಯ್ತಾ ಬಂತು" ಎಂದರು.

"ಮೆಲ್ಲಗೆ ಓಡ್ಸಕ್ಕೂ ಬ್ರೇಕ್ ಬೇಕಲ್ಲಣ್ಣ" ಎಂದರು ಸಿದ್ದರಾಜಣ್ಣ.

ಜನ ಗೊಣಗುತ್ತಾ ಇಳಿದು ಹಿಂದೆ ಬಂದ ಬಸ್ಸಿಗೆ ಕೈ ಅಡ್ಡ ಹಿಡಿದರು. ನಿದ್ದೆಯ ಮಾತು, ಕುಡಿತದ ಮಾತು ಆ ಬಸ್ಸಿನಲ್ಲೇ ಹುಟ್ಟಿರಬೇಕು. ನಾನು ಹತ್ತಲಿಲ್ಲ. ಸಿದ್ದರಾಜಣ್ಣ ಮೋರಿಯ ಕಟ್ಟೆಯ ಮೇಲೆ ಕುಳಿತಿದ್ದರು, ನಾನೂ ಕುಳಿತೆ. ಅವರೇ ಮಾತು ತೆಗೆದರು.

"ಉರಿ ಕಮ್ಮಿ ಆಗ್ಯದೆ ಸಾಮಿ, ಅದು ಸುಳ್ಳಲ್ಲ. ಆ ಮಗ ಚೆನ್ನಾಗೇ ಮಾಡ್ತು. ಆದ್ರೆ ಉರಿ ಹೋದ ಜಾಗ್ದಲ್ಲಿ ಏನೂ ಇಲ್ಲ. ಅಂಗಾಲು ನಂದಲ್ಲ ಅನ್ನಂಗದೆ. ಬೆಳಿಗ್ಗೆಯಿಂದ್ಲೂ ಲೆಕ್ಕದ ಮೇಲೇ ಓಡ್ಸಿವ್ನಿ, ಇಲ್ಲಿಂದ ಇಷ್ಟು ಎತ್ತುದ್ರೆ ಅಲ್ಲಿ ಬ್ರೇಕು ಅಂತ."

"ಜಿನ್ಸಿಗೆ ಹೇಳಬೇಕಿತ್ತಲ್ಲಣ್ಣ."

"ನಾನು ವಾಸಿ ಅಂದೆ. ನೆನ್ನೆಗಿಂತ ವಾಸಿನೇ ಅಲ್ವಾ? ಆ ಮಗ ಪೂರ್ತಿ ವಾಸಿ ಅನ್ಕೊಬುಡ್ತು. ಅಷ್ಟು ಖುಸಿ ಪಟ್ಟು ಚಪ್ಪಾಳೆ ಹೊಡೀತಾ ಅದೆ, ಇಲ್ಲ ಕಣ್ ಮಗಾ ಅನ್ನಕ್ಕಾಯ್ತದಾ? ಹೇಳನ ಅನ್ಕೊಂಡೆ..." ಅವರು ನಿಂತ ಬಸ್ಸಿನ ಕಡೆ ನೋಡಿದರು. "ಆಮೇಲೆ ಆ ಸೀಟು ಗ್ಯಾಪಕ ಬಂತು ಸಾಮಿ."

ಮಾರನೆಯ ದಿನ ನಾನು ಭುಜದ ಚಿಕಿತ್ಸೆಗೆ ಹೋದಾಗ ಜಿನ್ಸಿಗೆ ಕಂಡದ್ದನ್ನು ಕಂಡ ಹಾಗೆ ಹೇಳಿದೆ. ನಮ್ಮಲ್ಲಿ 'ವಾಸಿ' ಎಂದರೆ ಗುಣವಾಯಿತು ಎಂದೂ ಆಗುತ್ತದೆ, ಅದಕ್ಕಿಂತ ಇದು ಮೇಲು ಎಂದೂ ಆಗುತ್ತದೆ ಎಂದು ವಿವರಿಸಿದೆ. ಅವಳು ಕೈಯಲ್ಲಿದ್ದ ಪಟ್ಟಿಗಳನ್ನು ಕೆಳಗಿಟ್ಟಳು.

"ನಮ್ಮಲ್ಲಿ 'ಭೇದಂ' ಅಂತೀವಿ" ಎಂದಳು. "ಅದೂ ಹೀಗೇ. ಎರಡೂ. ನನ್ನ ಅಮ್ಮಚ್ಚಿ, ಅಜ್ಜಿ, ಸಾಯುವ ತನಕ ಭೇದಂ, ಭೇದಂ ಅಂತಲೇ ಇದ್ದಳು. ನನ್ನ ಭಾಷೆಯಲ್ಲಿ ಹೇಳಿದ್ದರೆ ಇನ್ನೊಂದು ಸಲ ಕೇಳುತ್ತಿದ್ದೆ."

ಮುಂದಿನ ಭಾನುವಾರ ಅವಳು ಭೀಮನಬೀಡಿಗೆ ಬಂದಳು, ದಾರಿ ತೋರಿಸಲು ನಾನು ಜೊತೆಗೆ ಹೋದೆ. ಸಿದ್ದರಾಜಣ್ಣ ಜಗಲಿಯ ಮೇಲೆ ಕಾಲು ಚಾಚಿ ಕುಳಿತಿದ್ದರು. ಅವರ ಹೆಂಡತಿ ಗೌರಮ್ಮ ನಮಗೆ ಮಜ್ಜಿಗೆ ತಂದುಕೊಟ್ಟು ಬಾಗಿಲಿಗೆ ಒರಗಿ ನಿಂತರು. ಜಿನ್ಸಿ ಕೆಳಗೆ ಕುಳಿತು ಅವರ ಪಾದವನ್ನು ಮಡಿಲಿಗೆ ತೆಗೆದುಕೊಂಡಳು. ಚೀಲದಿಂದ ಹತ್ತಿ ತೆಗೆದಳು.

"ಅಣ್ಣಾ, ಕಣ್ಣು."

ಅವರು ಈ ಸಲ ಕಣ್ಣು ಬಿಗಿಯಾಗಿ ಮುಚ್ಚಿಕೊಂಡರು. ಅವಳು ಹಿಮ್ಮಡಿಯಿಂದ ಬೆರಳಿನವರೆಗೆ ಹತ್ತಿ ಆಡಿಸಿದಳು.

"ಇಟ್ಟಿದೀಯಾ ಮಗಾ?"

"ಇಟ್ಟಿದೀನಿ."

"ಗೊತ್ತಾಗ್ನಿಲ್ಲ ಕಣ್ ಮಗಾ."

ಬೆರಳಿನಿಂದ ಒತ್ತಿದಳು. ಉಗುರಿನಿಂದ ಗೀರಿದಳು. "ಗೊತ್ತಾಗ್ನಿಲ್ಲ." ಪ್ರತಿ ಸಲವೂ ಅವರು ಅದನ್ನು ಮೆಲ್ಲಗೆ, ತಪ್ಪಾಯಿತೆಂದು ಕೇಳುವವರ ಹಾಗೆ ಹೇಳಿದರು. ಕಿರುಬೆರಳ ಬುಡದ ಒಂದು ಚೂರು ಜಾಗದಲ್ಲಿ ಮಾತ್ರ, "ಅಲ್ಲಿ, ಅಲ್ಲಿ ಅದೆ" ಎಂದರು. ಜಿನ್ಸಿ ಆ ಚೂರು ಜಾಗಕ್ಕೆ ಪೆನ್ನಿನಿಂದ ಸುತ್ತು ಹಾಕಿದಳು. ಅವಳ ಕಣ್ಣೀರು ಅವರ ಪಾದದ ಮೇಲೆ ಬಿದ್ದದ್ದು ನನಗೆ ಕಂಡಿತು. ಅವರಿಗೆ ಗೊತ್ತಾಗಲಿಲ್ಲ, ಕಣ್ಣು ಮುಚ್ಚಿಕೊಂಡೇ ಇದ್ದರು. ಬಾಗಿಲಲ್ಲಿದ್ದ ಗೌರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದರು.

ಆಮೇಲೂ ಕೆಲವು ತಿಂಗಳು ಅವರು ಚಿಕಿತ್ಸೆಗೆ ಬಂದರು, ಹಿಂದಿನ ಸೀಟಿನಲ್ಲಿ ಪ್ರಯಾಣಿಕರಾಗಿ. ಮಾಲೀಕರು ಕೂತು ಮಾಡುವ ಬುಕ್ಕಿಂಗ್ ಕೆಲಸ ಕೊಡುತ್ತೇನೆಂದು ಕರೆದರು, ಅವರು ಹೋಗಲಿಲ್ಲ. ಕಾಲು ಪೂರ್ತಿ ತಿರುಗಿ ಬರಲಿಲ್ಲ. ಮುಂಗಾರು ಹಿಡಿದ ವಾರ ಎದೆನೋವು ಬಂದು ಆಸ್ಪತ್ರೆಯ ದಾರಿಯಲ್ಲೇ ತೀರಿಕೊಂಡರು. ನಾನು ಸುದ್ದಿ ತಿಳಿದು ಹೋಗುವ ಹೊತ್ತಿಗೆ ಮಣ್ಣಾಗಿತ್ತು.

ತಿಥಿಯ ದಿನ ಶಾಮಿಯಾನದ ಕೆಳಗೆ ಊಟಕ್ಕೆ ಕುಳಿತಿದ್ದಾಗ, ನನ್ನ ಎದುರಿನ ಸಾಲಿನಲ್ಲಿ ಗುರುತಿಲ್ಲದ ಒಬ್ಬರು ಪಕ್ಕದವರಿಗೆ, "ಒಳ್ಳೆ ಡ್ರೈವರ್ರೇ, ಆದ್ರೆ ಕೊನೇಲಿ ನಿದ್ದೆ ಮಾಡ್ಬುಟ್ಟು ಒಂದೆಂಗ್ಸಿಗೆ ಗುದ್ಬುಟ್ಟ" ಎಂದರು. ಮುನೀರ್ ಬಡಿಸುತ್ತಿದ್ದವನು ಸಾರಿನ ಬಕೆಟ್ ಕೆಳಗಿಟ್ಟು ಅವರ ಮುಂದೆ ಹೋಗಿ ನಿಂತ. ಅವನು ಜಗಳವಾಡುತ್ತಾನೆಂದು ನಾನು ಎದ್ದೆ.

"ಗುದ್ದಿಲ್ಲ. ಅಣ್ಣ ಬಸ್ ನಿಲ್ಲಿಸಿದ್ರು" ಎಂದ, ಅಷ್ಟೇ. ಮತ್ತೆ ಬಕೆಟ್ ಎತ್ತಿಕೊಂಡ.

ಆ ಸಂಜೆ ಮುಂದಿನ ಗಾಜಿನ ಆಚೆ ಈಚೆ ಇದ್ದು ಅದನ್ನು ಕಣ್ಣಾರೆ ಕಂಡವರು ಇನ್ನೂ ಬದುಕಿದ್ದಾರೆ. ಮುನೀರ್ ಅದೇ ಬಸ್ಸಿನಲ್ಲಿದ್ದಾನೆ. ಜಬೀನಮ್ಮ ಗುಂಡ್ಲುಪೇಟೆಯಲ್ಲಿ ಹೂ ಕಟ್ಟುತ್ತಾರೆ. ಡ್ರೈವರ್ ಕೈಯಿಂದ ಕಾಲೆತ್ತಿ ಇಟ್ಟದ್ದನ್ನು ಅವರೂ ನೋಡಿದ್ದಾರೆ. ಹೊರೆ ಹೊತ್ತಿದ್ದ ಹೆಂಗಸು ತೆರಕಣಾಂಬಿಯ ಚಿಕ್ಕತಾಯಮ್ಮ. ಮತ್ತೆ ನಾನು.